ತುಮಕೂರಲ್ಲಿ ತಿಂಗಳಿಗೊಂದು ಹಳೇ ಸಿನಿಮಾ: ಮೊದಲು ಯಾವುದು ಹಾಕೋಣ?

ನೆಲ ಟಿಕೆಟ್ (ತುಮಕೂರು):
ನಾವು ಏಳೆಂಟು ಜನ ಸೇರಿ ತಿಂಗಳಿಗೊಂದು ಶನಿವಾರ ಸಂಜೆ ಒಂದು ಹಳೇ ಕನ್ನಡ ಸಿನಿಮಾ ತೋರಿಸೋಣ ಅಂತ ಅಂದುಕೊಂಡಿದ್ದೇವೆ. ಬಿ.ಎಚ್. ರಸ್ತೆ ಹತ್ತಿರ ಸ್ನೇಹಿತರೊಬ್ಬರ ಮಹಡಿ ಹಾಲ್ ಸಿಕ್ಕಿದೆ. ಅರವತ್ತು ಕುರ್ಚಿ ಹಿಡಿಯುತ್ತದೆ. ಎಲ್ಲರೂ ಹತ್ತು ಸಲ ನೋಡಿರುವ ಬಂಗಾರದ ಮನುಷ್ಯ, ನಾಗರಹಾವು ಬೇಡ. ಜನ ಮರೆತಿರುವುದು ಬೇಕು. ನನ್ನ ಮನಸ್ಸಿನಲ್ಲಿರುವುದು ಸಿ.ಆರ್. ಸಿಂಹ ಅವರ ಕಾಕನಕೋಟೆ (1977), ಸಿದ್ದಲಿಂಗಯ್ಯನವರ ಹೇಮಾವತಿ (1977), ಕಂಬಾರರ ಕಾಡುಕುದುರೆ (1979), ಎಂ.ಎಸ್. ಸತ್ಯು ಅವರ ಬರ (1982).

ಮೊದಲು ಹೇಮಾವತಿ ಹಾಕೋಣ ಅನ್ನೋದು ನನ್ನ ಆಸೆ. ಸಿದ್ದಲಿಂಗಯ್ಯ ನಮ್ಮ ಶಿರಾ ಕಡೆಯವರು. ಅವರ ಹೆಸರು ಹೇಳಿದರೆ ಬಂಗಾರದ ಮನುಷ್ಯ, ಭೂತಯ್ಯನ ಮಗ ಅಯ್ಯು ಬಿಟ್ಟು ಮೂರನೇದು ಬಾಯಿಗೆ ಬರಲ್ಲ. ಎಸ್. ಜಾನಕಿ ಹಾಡಿದ 'ಶಿವ ಶಿವ ಎನ್ನದ ನಾಲಿಗೆ ಏಕೆ' ಕೇಳದವರಿಲ್ಲ. ಅದು ಯಾವ ಸಿನಿಮಾದ್ದು ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಸಲಹೆ ಇದ್ದರೆ ಹೇಳಿ.

ಪಾವಗಡ ಬಿಸಿಲು:
ಹೇಮಾವತಿ ನೀರೇ ನಾಲೆ ಕೊನೆಗೆ ಬರಲ್ಲ, ಇನ್ನು ಸಿನಿಮಾ ಬರುತ್ತಾ? ತಮಾಷೆ ಇರಲಿ. ಜನ ಮರೆತಿದ್ದಾರೆ ಅಂದರೆ ಅದಕ್ಕೆ ಕಾರಣ ಇರುತ್ತೆ ಗುರೂ. ಚೆನ್ನಾಗಿದ್ದಿದ್ದರೆ ಓಡುತ್ತಿತ್ತು. ಓಡಿದ್ದಿದ್ದರೆ ಯಾರೂ ಮರೆಯುತ್ತಿರಲಿಲ್ಲ.

ಕೋಲಾರದ ಟೊಮ್ಯಾಟೊ:
"ನಮ್ಮ ಶಿರಾ ಕಡೆಯವರು." ಇಲ್ಲೇ ಬಂತಲ್ಲ ವಿಷಯ! ಸಿನಿಮಾ ಆರಿಸಿದ್ದೀರೋ, ಊರಿಗೆ ಸಂಬಂಧ ನೋಡಿದ್ದೀರೋ? ಹಾಗಾದರೆ ಕಾಕನಕೋಟೆ ನಾಟಕ ಬರೆದ ಮಾಸ್ತಿ ನಮ್ಮ ಮಾಲೂರು ತಾಲ್ಲೂಕಿನವರು. 'ನೇಸರ ನೋಡು' ಹಾಡು ಅವರದೇ. ಸಿ. ಅಶ್ವತ್ಥ್ ಸಿನಿಮಾಕ್ಕೆ ಸಂಗೀತ ಕೊಡೋದಕ್ಕೆ ಶುರು ಮಾಡಿದ್ದೇ ಅಲ್ಲಿಂದ. ಅದನ್ನು ಪಟ್ಟಿಯಲ್ಲಿ ಮೊದಲು ಬರೆದು, ಹಾಕೋವಾಗ ಮಾತ್ರ ಹಿಂದಕ್ಕೆ ತಳ್ಳಿದ್ದೀರಿ.

ನೆಲ ಟಿಕೆಟ್:
ತಳ್ಳಿಲ್ಲ ಸಾರ್, ಎರಡನೇ ತಿಂಗಳು ಅದೇ.

ಕೋಲಾರದ ಟೊಮ್ಯಾಟೊ:
ಎರಡನೇ ತಿಂಗಳು ನಿಮ್ಮ ಹಾಲ್ ಇರುತ್ತೋ ಇಲ್ಲವೋ ಯಾರಿಗೆ ಗೊತ್ತು.

ತಿಪಟೂರು ಕೊಬ್ಬರಿ:
ಊರಿನ ಲೆಕ್ಕ ಅಂತಾದರೆ ನರಸಿಂಹರಾಜು ಎಲ್ಲಿ? ತಿಪಟೂರಿನವರು. ಅವರೇ ಹೀರೋ ಆಗಿ ಮಾಡಿದ ನಕ್ಕರೆ ಅದೇ ಸ್ವರ್ಗ (1967) ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲ ಹಾಡು ಹಾಡಿದ್ದು ಆ ಸಿನಿಮಾಕ್ಕೆ. ನಿಮ್ಮ ಪಟ್ಟಿಯಲ್ಲಿ ಒಂದಾದರೂ ನಗುವ ಸಿನಿಮಾ ಇದೆಯಾ? ಕಾಡು, ಬರ, ಗೋಳು. ಶನಿವಾರ ಸಂಜೆ ದುಡ್ಡು ಕೊಟ್ಟು ಅಳೋದಕ್ಕೆ ಬರಬೇಕಾ?

ನೆಲ ಟಿಕೆಟ್:
ದುಡ್ಡಿಲ್ಲ ಅಣ್ಣಾ, ಪುಕ್ಕಟೆ.

ಗೌರಿಬಿದನೂರು ಪ್ಯಾಸೆಂಜರ್:
ಪಾವಗಡದವರು "ಚೆನ್ನಾಗಿದ್ದಿದ್ದರೆ ಓಡುತ್ತಿತ್ತು" ಅಂದರು. ಸ್ವಾಮಿ, ಓಡೋದಕ್ಕೆ ಮೊದಲು ರೀಲು ಇರಬೇಕು. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ 1934ರದ್ದು. ಅದರ ಪ್ರಿಂಟೇ ಇವತ್ತು ಇಲ್ಲ. ಅದು ಚೆನ್ನಾಗಿರಲಿಲ್ಲ ಅಂತಾನಾ? ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿ ಅಂಶ ಇರುತ್ತಿತ್ತು. ಓಡಿ ಮುಗಿದ ಪ್ರಿಂಟುಗಳನ್ನು ತೂಕಕ್ಕೆ ಹಾಕಿ ಬೆಳ್ಳಿ ತೆಗೆದರು. ಉಳಿದವು ಗಾಳಿಯಾಡದ ಡಬ್ಬಿಗಳಲ್ಲಿ ಕೊಳೆತವು. ಹಾಗೆ ಕೊಳೆತ ಡಬ್ಬಿ ತೆರೆದರೆ ಉಪ್ಪಿನಕಾಯಿ ಹುಳಿಯ ಘಾಟು ಮೂಗಿಗೆ ಹೊಡೆಯುತ್ತದೆ. ಕಲರ್ ಸಿನಿಮಾಗಳದ್ದು ಇನ್ನೊಂದು ಕಥೆ: ಬಣ್ಣ ಹೋಗಿ ಹೀರೋ, ಹೀರೋಯಿನ್, ಹಸು ಎಲ್ಲ ಗುಲಾಬಿ. ಜನ ಮರೆತಿದ್ದಲ್ಲ, ಜನಕ್ಕೆ ಮತ್ತೆ ತೋರಿಸಲಿಲ್ಲ ಅಷ್ಟೇ. ಗಿರೀಶ್ ಕಾಸರವಳ್ಳಿಯವರ ಘಟಶ್ರಾದ್ಧ (1977) ಸರಿಪಡಿಸಿದ್ದಕ್ಕೆ ತಾನೆ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು?

ಪಾವಗಡ ಬಿಸಿಲು:
ವೆನಿಸ್! ಅಲ್ಲಿ ನೋಡಿದವರು ಯಾರು ಮೇಡಂ, ನಮ್ಮ ವೈ.ಎನ್. ಹೊಸಕೋಟೆಯವರಾ? ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂದ ಸಿನಿಮಾ ಇದು. ಬಂದಾಗ ನಮ್ಮ ಕಡೆ ಯಾವ ಟೆಂಟಿಗೂ ಬರಲಿಲ್ಲ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬರುತ್ತಿತ್ತು. ನಮ್ಮ ತಂದೆ ಮುದ್ದೆ ಉಂಡು ಅದರ ಮುಂದೆ ಗೊರಕೆ ಹೊಡೆಯುತ್ತಿದ್ದರು. ಅವಾರ್ಡ್ ಸಿನಿಮಾ ಅಂದರೆ ನಮ್ಮ ಮನೆಯಲ್ಲಿ ನಿದ್ದೆ ಮಾತ್ರೆ.

ಗೌರಿಬಿದನೂರು ಪ್ಯಾಸೆಂಜರ್:
ನಿಮ್ಮ ತಂದೆಗೆ ನಿದ್ದೆ ಬಂದಿದ್ದು ಮುದ್ದೆಯಿಂದ. ಕಾಸರವಳ್ಳಿಯವರಿಂದ ಅಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ):
ತಡವಾಗಿ ಬಂದೆ, ಕ್ಷಮಿಸಿ. 1980ರ ಸುಮಾರಿಗೆ ನಾನು ಟೆಂಟಿನಲ್ಲಿ ರೀಲು ಹೊರುವ ಹುಡುಗ. ಒಂದೇ ಪ್ರಿಂಟು, ಎರಡು ಟೆಂಟು. ನಮ್ಮಲ್ಲಿ ಒಂದೆರಡು ರೀಲು ಮುಗಿದ ಕೂಡಲೇ ಡಬ್ಬಿಯನ್ನು ಸೈಕಲ್ ಕ್ಯಾರಿಯರಿಗೆ ಹಳೇ ಟ್ಯೂಬಿನಿಂದ ಬಿಗಿದು ಪಕ್ಕದ ಊರಿಗೆ ತುಳಿಯಬೇಕು. ಆ ಕಡೆ ಜನ ಹೊಡೆಯುವ ಶಿಳ್ಳೆ ಕೆರೆ ಏರಿ ಮೇಲೇ ಕೇಳಿಸುತ್ತಿತ್ತು. ಒಂದು ರಾತ್ರಿ ಪಂಚರ್ ಆಗಿ ತಳ್ಳಿಕೊಂಡೇ ಹೋದೆ. ಹೋಗಿ ನೋಡಿದರೆ ಆಪರೇಟರ್ ಅಣ್ಣ ಹಾಡು ಇರುವ ರೀಲನ್ನೇ ಎರಡನೇ ಸಲ ಓಡಿಸುತ್ತಿದ್ದಾನೆ. ಜನ ಬೈಯುತ್ತಿರಲಿಲ್ಲ. ಹಾಡು ಚೆನ್ನಾಗಿತ್ತು.

ಫಿಲಂ ಹರಿದರೆ ಆ ಅಣ್ಣ ಒಂದೆರಡು ಅಡಿ ಕತ್ತರಿಸಿ ಅಂಟಿಸುತ್ತಿದ್ದ. ಕತ್ತರಿಸಿದ ತುಂಡು ನಮಗೆ. ಸುಟ್ಟ ಬಲ್ಬಿನ ಹಿಂಭಾಗ ಹುಷಾರಾಗಿ ಒಡೆದು, ಒಳಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟರೆ ಕತ್ತಲೆ ಕೋಣೆ ಗೋಡೆ ಮೇಲೆ ಕಲ್ಪನಾ ನಿಲ್ಲೋರು. ತಲೆಕೆಳಗಾಗಿ. ಫಿಲಂ ತಿರುಗಿಸಿ ಹಿಡಿದರೆ ಸರಿ ಆಗುತ್ತೆ ಅಂತ ತಿಳಿಯೋದಕ್ಕೆ ಒಂದು ಬೇಸಿಗೆ ರಜೆ ಬೇಕಾಯಿತು. ಟೆಂಟಲ್ಲಿ ಘಂಟಸಾಲ ಅವರ ನಮೋ ವೆಂಕಟೇಶ ಹಾಕಿದರು ಅಂದರೆ ಊರೆಲ್ಲ ಓಡೋದು. ಹಾಡು ಮುಗಿಯೋದರೊಳಗೆ ಟಿಕೆಟ್ ತಗೋಬೇಕು. ನಿಮ್ಮ ಹಾಲಲ್ಲೂ ಅದನ್ನೇ ಹಾಕಿ ಶುರು ಮಾಡಿ, ಚೆನ್ನಾಗಿರುತ್ತೆ.

ತಿಪಟೂರು ಕೊಬ್ಬರಿ:
ಕನ್ನಡ ಸಿನಿಮಾ ಯಾಕೆ ಮರೆತರು ಅಂತ ಈಗ ಗೊತ್ತಾಯಿತು. ಶುರುವಿಗೇ ತೆಲುಗು ಹಾಡು.

ರೇಷ್ಮೆಗೂಡು:
ಅಷ್ಟು ಬರೆದಿದ್ದೆ, ನಿಮಗೆ ಕಂಡಿದ್ದು ಅದೊಂದೇನಾ ಅಣ್ಣಾ?

ತಿಪಟೂರು ಕೊಬ್ಬರಿ:
ಬೇರೆಲ್ಲ ಚೆನ್ನಾಗಿದೆ. ನಾನು ಕೇಳಿದ್ದು ಇದು. ಕನ್ನಡ ಚಿತ್ರ ತೋರಿಸೋ ಹಾಲಲ್ಲಿ, ತುಮಕೂರಿನಲ್ಲಿ, ತೆಲುಗು ಹಾಡು ಯಾಕೆ? ಕನ್ನಡದಲ್ಲಿ ಗಣಪತಿ ಹಾಡಿಗೆ ಬರವಾ?

ಕೋಲಾರದ ಟೊಮ್ಯಾಟೊ:
"ಬರ" ಅಂದಿರಲ್ಲ, ಆ ಸಿನಿಮಾ ನಮಗೆ ತೋರಿಸೋದೇ ಬೇಡ. ಸಾವಿರ ಅಡಿ ಬೋರ್ವೆಲ್ ಕೊರೆಸಿ ಧೂಳು ನೋಡಿದವರು ನಾವು.

ಪಾವಗಡ ಬಿಸಿಲು:
ಕೊಬ್ಬರಿ ಅವರೇ, ಒಂದು ನಿಮಿಷ. ನಮ್ಮ ಪಾವಗಡ ನಕ್ಷೆಯಲ್ಲಿ ನೋಡಿದ್ದೀರಾ? ಸುತ್ತ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ರಾಜ್‌ಕುಮಾರ್ ಸಿನಿಮಾಕ್ಕೆ ಶಿಳ್ಳೆ ಹೊಡೆದಿದ್ದೂ ನಾವೇ. ತೆಲುಗು ಹಾಡು ಕೇಳಿದ ತಕ್ಷಣ ಕನ್ನಡ ಸಾಯುತ್ತಾ? ಅದೂ ಅಲ್ಲದೆ "ನಮೋ ವೆಂಕಟೇಶ" ಯಾವ ಭಾಷೆ? ನಮೋ ಸಂಸ್ಕೃತ. ವೆಂಕಟೇಶ ದೇವರ ಹೆಸರು.

ತಿಪಟೂರು ಕೊಬ್ಬರಿ:
ಎರಡು ಪದಕ್ಕೇ ಹಾಡು ಮುಗಿಯಿತಾ? ಪೂರ್ತಿ ಕೇಳಿ ಬನ್ನಿ.

ಪಾವಗಡ ಬಿಸಿಲು:
ಪೂರ್ತಿ ಕೇಳೋದಕ್ಕೆ ಯಾವತ್ತು ಬಿಟ್ಟಿದ್ದಾರೆ? ಟಿಕೆಟ್ ಕ್ಯೂನಲ್ಲಿ ಇರುತ್ತಿದ್ದೆ.

ಗೌರಿಬಿದನೂರು ಪ್ಯಾಸೆಂಜರ್:
ಭಾಷೆ ಲೆಕ್ಕ ಹಾಕೋದೇ ಆದರೆ ಸರಿಯಾಗಿ ಹಾಕಿ. ಸತಿ ಸುಲೋಚನ ನಿರ್ದೇಶಿಸಿದ ವೈ.ವಿ. ರಾವ್ ತೆಲುಗಿನವರು. 1970ರಲ್ಲಿ ಸಂಸ್ಕಾರ ಮಾಡಿ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ನೆಲ ಟಿಕೆಟ್ ಹೊಗಳಿದ ಜಾನಕಿ ಅವರ ಮನೆಮಾತು ತೆಲುಗು. ಕೊಬ್ಬರಿಯವರು ಹೆಮ್ಮೆಯಿಂದ ಹೇಳಿದ ಎಸ್‌ಪಿಬಿ ಯಾವ ಊರಿನವರು ಅಂತ ನಾನು ಹೇಳಬೇಕಾ?

ತಿಪಟೂರು ಕೊಬ್ಬರಿ:
ನಾನು ಹೇಳಿದ್ದು ಹಾಡಿನ ಭಾಷೆ. ಹಾಡಿದವರ ಜಾತಕ ಅಲ್ಲ. ಬಾಲು ಅವರು ಆ ಸಿನಿಮಾದಲ್ಲಿ ಹಾಡಿದ್ದು ಕನ್ನಡದಲ್ಲಿ. ಅದೇ ನನ್ನ ಪಾಯಿಂಟು. ನೀವೇ ನನ್ನ ಪರ ಮಾತಾಡಿದಿರಿ, ಥ್ಯಾಂಕ್ಸ್.

ಗೌರಿಬಿದನೂರು ಪ್ಯಾಸೆಂಜರ್:
ಅಬ್ಬಾ.

ಕೋಲಾರದ ಟೊಮ್ಯಾಟೊ:
"ಜಾತಕ" ಅಂತ ಮೇಡಂಗೆ ಹೇಳೋ ಮೊದಲು ನಿಮ್ಮ ಮೊದಲ ಕಾಮೆಂಟ್ ನೋಡಿಕೊಳ್ಳಿ. "ತಿಪಟೂರಿನವರು" ಅಂತ ನರಸಿಂಹರಾಜು ಜಾತಕ ಬಿಚ್ಚಿದ್ದು ಯಾರು?

ತಿಪಟೂರು ಕೊಬ್ಬರಿ:
ನೀವು ಮಾಸ್ತಿ ಜಾತಕ ಬಿಚ್ಚಿದ ಮೇಲೆ.

ನೆಲ ಟಿಕೆಟ್:
ಅಣ್ಣಂದಿರೇ, ಅಕ್ಕಾ, ಸಿನಿಮಾ ಯಾವುದು ಅಂತ ಕೇಳಿದ್ದೆ.

ಕಪ್ಪು ಕೋಟು (ತುಮಕೂರು ಕೋರ್ಟ್ ಪಕ್ಕ):
ಯಾರೂ ಕೇಳದ ಒಂದು ಪ್ರಶ್ನೆ. ಹಕ್ಕು ಯಾರ ಹತ್ತಿರ ಇದೆ? ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾ ಬಿಡುಗಡೆಯಾದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಲೆಕ್ಕ ಮುಂದಿನ ವರ್ಷದ ಜನವರಿಯಿಂದ. ನಿಮ್ಮ ಪಟ್ಟಿಯ ನಾಲ್ಕೂ 1977ರಿಂದ ಈಚಿನವು. ಪುಕ್ಕಟೆ ತೋರಿಸಿದರೂ, ಅರವತ್ತು ಕುರ್ಚಿ ಹಾಕಿ ಊರವರನ್ನು ಕರೆದರೆ ಅದು ಮನೆಯವರು ಕೂತು ನೋಡಿದ ಹಾಗಲ್ಲ. ನಿರ್ಮಾಪಕರನ್ನೋ ಅವರ ಮಕ್ಕಳನ್ನೋ ಹುಡುಕಿ ಒಂದು ಕಾಗದ ಬರೆಸಿಕೊಳ್ಳಿ. ಅದು ಕಷ್ಟ ಅಂದರೆ ಬೇಡರ ಕಣ್ಣಪ್ಪ (1954) ಹಾಕಿ. ಅವಧಿ ಯಾವಾಗಲೋ ಮುಗಿದಿದೆ. ಗುಬ್ಬಿ ನಾಟಕ ಕಂಪನಿಯ ಹೆಸರೂ ಅದಕ್ಕೆ ಸೇರಿಕೊಂಡಿದೆ, ತುಮಕೂರಿಗೂ ಒಪ್ಪುತ್ತೆ.

ಪಾವಗಡ ಬಿಸಿಲು:
ಬೇಡರ ಕಣ್ಣಪ್ಪ ಮರೆತ ಸಿನಿಮಾನಾ? ನಮ್ಮಜ್ಜಿಗೆ ಡೈಲಾಗ್ ಬಾಯಿಪಾಠ.

ತಿಪಟೂರು ಕೊಬ್ಬರಿ:
ಅದರಲ್ಲಿ ನರಸಿಂಹರಾಜು ಇದ್ದಾರೆ. ನಾನು ಒಪ್ಪಿದೆ.

ಕೋಲಾರದ ಟೊಮ್ಯಾಟೊ:
ಒಪ್ಪಿಗೆ ಕೇಳಿದ್ದು ಯಾರು? ಕಪ್ಪು ಕೋಟು ಸಾರ್, ಕಾನೂನು ಗೊತ್ತು, ಸರಿ. ಆದರೆ ಹೀಗೆ ಹಕ್ಕು ಮುಗಿದದ್ದನ್ನೇ ತೋರಿಸುತ್ತಾ ಹೋದರೆ ಕಾಕನಕೋಟೆ ನೋಡೋದಕ್ಕೆ 2038ರವರೆಗೆ ಕಾಯಬೇಕು. ಆಗ ನನಗೆ ಕಣ್ಣು ಕಾಣಬೇಕಲ್ಲ.

ಗೌರಿಬಿದನೂರು ಪ್ಯಾಸೆಂಜರ್:
ಕಾಡುಕುದುರೆ ಬಗ್ಗೆ ಒಬ್ಬರಾದರೂ ಮಾತಾಡಿದಿರಾ? ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ಹಾಡು ಅದರದ್ದು. ಹಾಡು ಎಲ್ಲ ಗಣೇಶನ ಪೆಂಡಾಲಿನಲ್ಲೂ ಇದೆ, ಸಿನಿಮಾ ಯಾರ ಕಣ್ಣಿಗೂ ಬಿದ್ದಿಲ್ಲ. ಮರೆಯೋದು ಅಂದರೆ ಇದು. ಎರಡು ಗಂಟೆಯಿಂದ ಘಂಟಸಾಲರ ಮೇಲೆ ಕೇಸು ನಡೆಸುತ್ತಿದ್ದೀರಿ.

ರೇಷ್ಮೆಗೂಡು:
ಮೇಡಂ, "ಗಣೇಶನ ಪೆಂಡಾಲು" ಅಂದಿದ್ದಕ್ಕೆ ಹೇಳುತ್ತೇನೆ. ನಮ್ಮೂರ ಪೆಂಡಾಲಿನಲ್ಲೂ ಮೊದಲು ಹಾಕೋದು ನಮೋ ವೆಂಕಟೇಶನೇ.

ತಿಪಟೂರು ಕೊಬ್ಬರಿ:
ಗಣೇಶನ ಮುಂದೆ ವೆಂಕಟೇಶನ ಹಾಡು! ಭಾಷೆ ಹೋಗಲಿ, ದೇವರಾದರೂ ಸರಿ ಇರಬೇಡವಾ?

ಪಾವಗಡ ಬಿಸಿಲು:
ನೋಡ್ರೀ, ಸಾಕು. ತಿಪಟೂರಿನಲ್ಲಿ ಕೂತುಕೊಂಡು ಗಡಿಯವರಿಗೆ ಪಾಠ ಹೇಳೋದು ಸುಲಭ. ನಮ್ಮ ಊರಿಗೆ ಕನ್ನಡ ಪ್ರಿಂಟು ಬರುತ್ತಿದ್ದುದೇ ಬೆಂಗಳೂರಲ್ಲಿ ನೂರು ದಿನ ತೇಯ್ದ ಮೇಲೆ. ಪರದೆ ಮೇಲೆ ಗೀರುಗಳ ಮಳೆ, ಮಾತು ಅರ್ಧ ನುಂಗಿರುತ್ತಿತ್ತು. ಆದರೂ ನೆಲದ ಮೇಲೆ ಕೂತು ನೋಡಿದ್ದೇವೆ. ಆಗ ನಮ್ಮನ್ನು ಯಾರೂ ಕನ್ನಡದವರಾ ಅಂತ ಕೇಳಲಿಲ್ಲ. ಟಿಕೆಟ್ ಮಾತ್ರ ಕೇಳಿದರು.

ತಿಪಟೂರು ಕೊಬ್ಬರಿ:
ಕನ್ನಡದವರಲ್ಲ ಅಂತ ನಾನೆಲ್ಲಿ ಹೇಳಿದೆ? ನೀವೇ ಅಂದುಕೊಂಡರೆ ನಾನೇನು ಮಾಡಲಿ.

ಗೌರಿಬಿದನೂರು ಪ್ಯಾಸೆಂಜರ್:
ತೇಯ್ದ ಪ್ರಿಂಟಿನ ಮಾತು ನೀವೇ ಎತ್ತಿದಿರಿ ಬಿಸಿಲು ಅವರೇ. ಅರ್ಧ ಮಾತು ನುಂಗಿದ ಸಿನಿಮಾ ನೋಡಿ "ಚೆನ್ನಾಗಿದ್ದಿದ್ದರೆ ಓಡುತ್ತಿತ್ತು" ಅಂತ ಹೇಗೆ ಹೇಳಿದಿರಿ?

ಪಾವಗಡ ಬಿಸಿಲು:
ಅದು ಬೇರೆ ವಿಷಯ.

ನೆಲ ಟಿಕೆಟ್:
ಇಷ್ಟು ಹೊತ್ತು ಫೋನಿನಲ್ಲಿದ್ದೆ. ಹೇಮಾವತಿಯ ಒಳ್ಳೆ ಪ್ರತಿ ಸದ್ಯಕ್ಕೆ ನಮಗೆ ಸಿಗುತ್ತಿಲ್ಲ. ಸಿಕ್ಕ ಒಂದರಲ್ಲಿ ಶಬ್ದ ಮುಂದೆ, ತುಟಿ ಹಿಂದೆ. ಹಾಡು ಮುಗಿದ ಮೇಲೆ ಬಾಯಿ ಮುಚ್ಚುತ್ತಾರೆ. ಕಾಕನಕೋಟೆಗೆ ಕಪ್ಪು ಕೋಟು ಸಾರ್ ಹೇಳಿದ ಹಾಗೆ ಕಾಗದ ಬರೆಯುತ್ತೇವೆ. ಈ ತಿಂಗಳ ಕೊನೇ ಶನಿವಾರ ಸಂಜೆ ಆರಕ್ಕೆ ಬೇಡರ ಕಣ್ಣಪ್ಪ. ಕುರ್ಚಿ ಸಾಲದಿದ್ದರೆ ಜಮಖಾನ ಹಾಸುತ್ತೇವೆ.

ಕೋಲಾರದ ಟೊಮ್ಯಾಟೊ:
ಹೇಮಾವತಿಯೂ ಹೋಯಿತು, ಕಾಕನಕೋಟೆಯೂ ಹೋಯಿತು. ಗೆದ್ದದ್ದು ತಿಪಟೂರು. ಕೋಲಾರದಿಂದ ತುಮಕೂರಿಗೆ ಬಸ್ ಹತ್ತಿ ಯಾರು ಬರುತ್ತಾರೆ ನೋಡೋಣ.

ರೇಷ್ಮೆಗೂಡು:
ನಾನು ಬರುತ್ತೇನೆ. ಶನಿವಾರ ಗೂಡಿನ ಮಾರ್ಕೆಟ್ ಮುಗಿಸಿ ಹೊರಟರೆ ಆರೂವರೆ ಆಗಬಹುದು. ಶುರುವಿನ ಹಾಡು ಸ್ವಲ್ಪ ಉದ್ದ ಇರಲಿ.

ತಿಪಟೂರು ಕೊಬ್ಬರಿ:
ಯಾವ ಹಾಡು ಅಂತ ಇನ್ನೂ ತೀರ್ಮಾನ ಆಗಿಲ್ಲ.