ಅಪ್‌ಡೇಟ್: ಅಮ್ಮನ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ತಪಾಸಣೆ

ತೀರ್ಥಹಳ್ಳಿಯಲ್ಲಿರುವ ಅಮ್ಮನ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದೆ. ಆರಂಭದ ಹಂತದ ಸ್ತನ ಕ್ಯಾನ್ಸರ್, ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದಿದೆ. ಇನ್ನು ವರ್ಷವರ್ಷ ಪೆಟ್ ಸ್ಕ್ಯಾನ್ (ಮೈಯಲ್ಲಿ ಎಲ್ಲಾದರೂ ಕ್ಯಾನ್ಸರ್ ಇದೆಯಾ ಅಂತ ಹುಡುಕುವ ಸ್ಕ್ಯಾನ್) ಬೇಕಾ, ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಡಾಕ್ಟರ್ ಸಮಾಧಾನವಾಗಿ ಕೂರಿಸಿ ಹೇಳಿದರು. ಯಾವ ಲಕ್ಷಣವೂ ಇಲ್ಲದಿದ್ದರೆ ಪೆಟ್ ಸ್ಕ್ಯಾನ್, ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಸುಳಿವು ಹುಡುಕುವ ರಕ್ತ ಪರೀಕ್ಷೆ) ಸುಮ್ನೆ ಮಾಡಿಸಬೇಡಿ. ಅದರಿಂದ ಆಯುಸ್ಸು ಹೆಚ್ಚುವುದಿಲ್ಲ, ಗಾಬರಿ ಜಾಸ್ತಿಯಾಗುತ್ತದೆ. ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರ್ ಕೈಯಿಂದ ತಪಾಸಣೆ, ಮುಂದಿನ 2 ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾತ್ರ ಪ್ರತಿ ವರ್ಷ ತಪ್ಪಬಾರದು. ಇದನ್ನೆಲ್ಲ ಶಿವಮೊಗ್ಗದಲ್ಲೇ ಮಾಡಿಸಬಹುದು ಅಂದಾಗ ಅಮ್ಮನ ಮುಖ ಅರಳಿತು. ಬೆಂಗಳೂರಿಗೆ ರಾತ್ರಿ ಬಸ್ಸಿನ ಪ್ರಯಾಣ ಅವರಿಗೆ ನಿಜಕ್ಕೂ ಕಷ್ಟ.

ಅಮ್ಮನಿಗೆ ಲೆಟ್ರೋಜೋಲ್ (ಕ್ಯಾನ್ಸರ್ ಮರಳದಂತೆ ಕೊಡುವ ಹಾರ್ಮೋನ್ ತಡೆಯುವ ಮಾತ್ರೆ) ನಡೆಯುತ್ತಿದೆ. ಅದು ಮೂಳೆ ತೆಳುವಾಗಿಸುತ್ತದೆ, ಹಾಗಾಗಿ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಕೀಲು ನೋವು ಇದೆ. ಆದರೂ ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ನೋವನ್ನು ಡಾಕ್ಟರಿಗೆ ಹೇಳಬೇಕು.

ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ, ಮಲೆನಾಡಿನವರು ದಯವಿಟ್ಟು ಗಮನಿಸಿ. ಅಮ್ಮನಿಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಆ ಕಡೆಯ ಕೈಗೆ ಗಾಯವಾಗಿ ಸೋಂಕು ತಗುಲಿದರೆ ಬಾವು ಬಂದು ಉಳಿದುಬಿಡಬಹುದು. ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸ ಬಿಡುವುದು ಅಷ್ಟು ಸುಲಭವಾ? ಈಗ ಅಮ್ಮ ಗ್ಲೌಸ್ ಹಾಕಿಕೊಳ್ಳುತ್ತಾರೆ. ಚಿಕ್ಕ ಗಾಯವಾದರೂ ತಕ್ಷಣ ತೊಳೆದು ಮುಲಾಮು ಹಚ್ಚುತ್ತೇವೆ. ಕೈ ಕೆಂಪಾಗಿ ಬಿಸಿಯಾದರೆ, ಹೊಸ ಗಂಟು ಸಿಕ್ಕರೆ, ಮೂಳೆ ನೋವು ಹೋಗದಿದ್ದರೆ, ಮುಂದಿನ ತಪಾಸಣೆವರೆಗೆ ಕಾಯದೆ ಹೋಗಬೇಕು.