‘ಕಡ್ಡಿ’, ‘ಕಿಟ್ಟ’, ‘ಕೊಯ್ಯುವುದು’: ವೆಲ್ಡಿಂಗ್ ಕೆಲಸದ ಪದಗಳ ಬಗ್ಗೆ ಕೇಳಬೇಕಿತ್ತು

ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಹೋದ ಬೇಸಿಗೆಯಲ್ಲಿ ತೋಟದ ಗೇಟು ತುಕ್ಕು ಹಿಡಿದು ಕಳಚಿ ಬಿತ್ತು. ಪ್ರತಿ ಸಲ ಪೇಟೆಗೆ ಹೊತ್ತುಕೊಂಡು ಹೋಗುವುದು ಬೇಡ ಅಂತ ಒಂದು ಸಣ್ಣ ವೆಲ್ಡಿಂಗ್ ಮಷೀನ್ ತಂದು ನಾನೇ ಕಲಿಯತೊಡಗಿದೆ. ಈಗ ಅಣ್ಣನ ಮಗನಿಗೂ ಆಸೆ ಬಂದಿದೆ. ಅವನಿಗೆ ಕನ್ನಡದಲ್ಲೇ ನಾಲ್ಕು ಪುಟ ಬರೆದುಕೊಡೋಣ ಅಂತ ಕೂತೆ. ಯಾವ ಕಡ್ಡಿ ಕೊಳ್ಳಬೇಕು, ಕಬ್ಬಿಣ ತುಂಡು ಮಾಡಲು ಯಾವ ಹತಾರ ಬೇಕು, ಇಷ್ಟೇ ವಿಷಯ. ಆದರೆ ಮೊದಲ ಪುಟದಲ್ಲೇ ಪದಗಳಿಗೆ ತಡಕಾಡುವಂತಾಯಿತು.

ಮೊದಲು ಕಡ್ಡಿಯದೇ ಹೇಳುತ್ತೇನೆ. ಅಂಗಡಿಯಲ್ಲಿ ಎಲ್ಲರೂ ‘ವೆಲ್ಡಿಂಗ್ ರಾಡು’ ಅಂತಾರೆ. ನಮ್ಮ ಕಡೆ ಮನೆ ಕಟ್ಟುವ ಕಬ್ಬಿಣಕ್ಕೂ ರಾಡು ಅಂತಲೇ ಹೆಸರು. ‘ರಾಡಿಗೆ ರಾಡು ತಾಗಿಸು’ ಅಂತ ಬರೆದರೆ ಹುಡುಗನಿಗೆ ಏನು ತಿಳಿಯಬೇಕು? ಅದಕ್ಕೆ ‘ಕಡ್ಡಿ’ ಅಂತ ಬರೆದೆ. ಬೆಂಕಿಕಡ್ಡಿ, ಊದಿನಕಡ್ಡಿ ಇದಾವಲ್ಲ, ಅವು ಉರಿಯುತ್ತಾ ಗಿಡ್ಡವಾಗುತ್ತವೆ. ವೆಲ್ಡಿಂಗ್ ಕಡ್ಡಿಯೂ ಹಾಗೇ ಕರಗಿ ಸಂದಿಗೆ ಇಳಿದು ಮುಗಿಯುತ್ತದೆ. ಸರಳು ಹಾಗಲ್ಲ. ಕಿಟಕಿ ಸರಳು ಇದ್ದಲ್ಲೇ ಇರುತ್ತದೆ. ಹಾಗಾಗಿ ‘ಬೆಸುಗೆ ಸರಳು’ ನನಗೆ ಸರಿ ಅನ್ನಿಸಲಿಲ್ಲ.

ಕಡ್ಡಿಯ ಮೈಮೇಲೆ ಗಟ್ಟಿಯಾಗಿ ಕೂತಿರುವ ಪದರಕ್ಕೆ ‘ಲೇಪ’ ಅನ್ನಬಹುದೇನೋ. ನನಗೆ ‘ಹೊದಿಕೆ’ ಹಿಡಿಸಿತು. ಅದರಲ್ಲಿ ಸ್ವಲ್ಪ ಭಾಗ ಸುಟ್ಟು ಅನಿಲವಾಗಿ ಸುತ್ತಲಿನ ಗಾಳಿಯನ್ನು ದೂರ ಇಡುತ್ತದೆ. ಉಳಿದದ್ದು ಕರಗಿ ಬೆಸುಗೆಯ ಮೇಲೆ ಹೊದ್ದುಕೊಂಡು ಕೂರುತ್ತದೆ. ಎರಡೂ ಕಡೆ ಅದು ಮಾಡುವುದು ಹೊದಿಸುವ ಕೆಲಸವೇ ಅಲ್ವಾ?

ದಪ್ಪದ ಲೆಕ್ಕ ಹೊಸಬರಿಗೆ ಗೊಂದಲ. ‘ಹತ್ತು ನಂಬರ್ ಕೊಡಲಾ, ಹನ್ನೆರಡು ನಂಬರ್ ಕೊಡಲಾ’ ಅಂತ ಅಂಗಡಿಯವರು ಕೇಳುತ್ತಾರೆ. ಅದು ಗೇಜ್ ಲೆಕ್ಕ. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. 12 ಅಂದರೆ ಸುಮಾರು 2.5 ಮಿಲಿಮೀಟರ್, 10 ಅಂದರೆ 3.15, 8 ಅಂದರೆ 4. ಗೇಟು, ಏಣಿ, ಸ್ಟ್ಯಾಂಡು ಮಾಡಲು ತರುವ 3 ಮಿಲಿಮೀಟರ್ ದಪ್ಪದ ಕಬ್ಬಿಣಕ್ಕೆ 12 ನಂಬರ್ ಕಡ್ಡಿ, 70ರಿಂದ 80 ಆಂಪಿಯರ್ ಸಾಕು. ಪೊಟ್ಟಣದ ಮೇಲೆ 6013 ಅಂತ ಇರುವುದನ್ನೇ ಕಲಿಯುವವರು ತೆಗೆದುಕೊಳ್ಳಬೇಕು. ಅದು ಬೇಗ ಹೊತ್ತಿಕೊಳ್ಳುತ್ತದೆ, ಕೈ ಸ್ವಲ್ಪ ಅಲುಗಿದರೂ ತಾಳುತ್ತದೆ. ಅದರಲ್ಲಿ 60 ಅಂದರೆ ಆ ಬೆಸುಗೆ ಚದರ ಇಂಚಿಗೆ 60,000 ಪೌಂಡಿನ ಎಳೆತ ತಡೆಯಬೇಕು ಅಂತ. ಇದನ್ನು ಪಠ್ಯಗಳಲ್ಲಿ ‘ಕರ್ಷಣ ಸಾಮರ್ಥ್ಯ’ ಅಂತ ಬರೆಯುತ್ತಾರೆ. ನಾನು ‘ಎಳೆತದ ತಾಳಿಕೆ’ ಅಂತ ಬರೆದಿದ್ದೇನೆ. ಸರಿಯಾಗುತ್ತದೆಯೇ, ಹೇಳಿ.

ನಮ್ಮ ಮಳೆಗಾಲದ ಒಂದು ಮಾತು ಇಲ್ಲಿ ಕೆಲಸಕ್ಕೆ ಬಂತು. ಆಷಾಢದಲ್ಲಿ ಒಂದು ಪೊಟ್ಟಣ ಕೊಟ್ಟಿಗೆಯಲ್ಲಿ ಬಿಚ್ಚಿಟ್ಟಿದ್ದೆ. ಆಮೇಲೆ ಬೆಸೆದರೆ ಬರೀ ಚಟಪಟ, ಬೆಸುಗೆ ತುಂಬ ಸಣ್ಣ ಸಣ್ಣ ತೂತು. ನೋಡಿದ ಅಮ್ಮ, ‘ಬೆಂಕಿಪೆಟ್ಟಿಗೆ ತರಾನೇ ಅದೂ ಶೀತ ಎಳ್ಕೊಂಡಿದೆ’ ಅಂದರು. ಹೊದಿಕೆ ನೀರಿನ ಪಸೆ ಹೀರುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಈಗ ಪೊಟ್ಟಣ ಒಲೆ ಮೇಲಿನ ಅಟ್ಟದಲ್ಲಿರುತ್ತದೆ. 7018 ಅನ್ನುವ ಕಡ್ಡಿಗೆ ಅಟ್ಟದ ಶಾಖ ಸಾಲದು. ಶೀತ ಎಳೆದರೆ ಅದನ್ನು ಒವನ್‌ನಲ್ಲಿ 300 ಡಿಗ್ರಿಯ ಆಚೆ ಕಾಯಿಸಬೇಕು. ಹೊಸಬರು ಅದರ ತಂಟೆಗೆ ಹೋಗದಿದ್ದರೆ ಒಳ್ಳೆಯದು. ‘ಶೀತ ಎಳೆಯುವುದು’ ಬಯಲುಸೀಮೆಯಲ್ಲೂ ಇದೆಯೇ? ಅಲ್ಲಿ ಏನಂತಾರೆ?

ಇನ್ನು ಕಿಟ್ಟ. ಬೆಸುಗೆ ಆರಿದ ಮೇಲೆ ಗಾಜಿನಂತೆ ಕಪ್ಪಗೆ ಗಟ್ಟಿಯಾಗುವ ಪದರವನ್ನು ಅಂಗಡಿಗಳಲ್ಲಿ ‘ಸ್ಲ್ಯಾಗ್’ ಅಂತಾರೆ. ಅದನ್ನು ಕುಟ್ಟಿ, ತಂತಿ ಬ್ರಷ್ಷಿನಲ್ಲಿ ಉಜ್ಜಿಯೇ ಮುಂದಿನ ಸಾಲು ಹಾಕಬೇಕು. ಇಲ್ಲವಾದರೆ ಅದು ಒಳಗೇ ಉಳಿದು ಬೆಸುಗೆ ಬಿಡುತ್ತದೆ. ನಮ್ಮೂರ ಕುಲುಮೆಯಲ್ಲಿ ಕೆಂಡದ ತಳದಿಂದ ತೆಗೆದು ಬಿಸಾಡುವ ಗಟ್ಟಿಗೆ ‘ಕಿಟ್ಟ’ ಅಂತಾರೆ. ಎರಡೂ ಒಂದೇ ಜಾತಿ, ಬೆಂಕಿಯಲ್ಲಿ ಕರಗಿ, ಲೋಹದ ಜೊತೆ ಸೇರದೆ ಬೇರೆಯಾಗಿ ಗಟ್ಟಿಯಾದದ್ದು. ಹಾಗಾಗಿ ‘ಕಿಟ್ಟ ಬಿಡಿಸು’ ಅಂತ ಧೈರ್ಯವಾಗಿ ಬರೆದೆ. ಆದರೆ ಕೆಲವರು ತುಕ್ಕಿಗೂ ಕಿಟ್ಟ ಅಂತಾರೆ. ದೀಪದ ಕಂಬದಲ್ಲಿ ಕಟ್ಟುವ ಎಣ್ಣೆಯ ಜಿಡ್ಡಿಗೂ ಅದೇ ಹೆಸರು. ನಮ್ಮ ಮನೆಯ ಲೆಕ್ಕದಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು, ಬೆಂಕಿ ಕಂಡದ್ದಕ್ಕೆ ಕಿಟ್ಟ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದರು. ಆಗ ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ನಮ್ಮ ಕಾಡಿನದು. ಅಲ್ಲಿ ದುಡಿದವರ ಮನೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಆ ದೊಡ್ಡ ಕುಲುಮೆಯ ಸ್ಲ್ಯಾಗ್‌ಗೆ ಕೆಲಸಗಾರರು ಕನ್ನಡದಲ್ಲಿ ಏನನ್ನುತ್ತಿದ್ದರು?

ನನ್ನನ್ನು ಜಾಸ್ತಿ ಕಾಡಿದ್ದು ತುಂಡು ಮಾಡುವ ಕ್ರಿಯಾಪದಗಳು. ‘ಕಟ್ ಮಾಡು’ ಅಂದರೆ ಮುಗಿಯಿತು ಅನ್ನಬಹುದು. ಆದರೆ ಕನ್ನಡದಲ್ಲಿ ಕ್ರಿಯಾಪದ ಕೇಳಿದರೆ ಸಾಕು, ಕೈಯಲ್ಲಿ ಯಾವ ಹತಾರ ಇದೆ ಅಂತ ತಿಳಿಯುತ್ತದೆ. ಬೀಸಿ ಹೊಡೆದರೆ ‘ಕಡಿಯುವುದು’. ಎರಡು ಬಾಯಿಯ ನಡುವೆ ಅದುಮಿದರೆ ‘ಕತ್ತರಿಸುವುದು’. ಎಳೆದು ಸರಿಸಿದರೆ ‘ಕೊಯ್ಯುವುದು’. ಅದಕ್ಕೇ ಭತ್ತ ಕೊಯ್ಯುತ್ತೇವೆ, ಮಿಲ್ಲಿನಲ್ಲಿ ಮರ ಕೊಯ್ಯಿಸುತ್ತೇವೆ, ಸೌದೆ ಮಾತ್ರ ಕಡಿಯುತ್ತೇವೆ. ಈ ಲೆಕ್ಕ ಕಬ್ಬಿಣಕ್ಕೂ ಚೆನ್ನಾಗಿ ಒಗ್ಗುತ್ತದೆ. ಕಾದ ಕಬ್ಬಿಣವನ್ನು ಆಚಾರ್ರು ಉಳಿ ಇಟ್ಟು ಬಡಿದು ಕಡಿಯುತ್ತಾರೆ. ತಗಡನ್ನು ಕತ್ತರಿಯಲ್ಲಿ ಕತ್ತರಿಸುತ್ತಾರೆ. ಪೈಪನ್ನು ಗರಗಸದಲ್ಲಿ ಕೊಯ್ಯುತ್ತಾರೆ.

ಆ ಕಬ್ಬಿಣದ ಗರಗಸಕ್ಕೆ ಪೇಟೆಯಲ್ಲಿ ‘ಆಕ್ಸಲ್ ಬ್ಲೇಡ್’ ಅನ್ನುವ ಹೆಸರಿದೆ. ಇಂಗ್ಲಿಷಿನಲ್ಲಿ ಇದಕ್ಕಿರುವ ಹ್ಯಾಕ್ಸಾ ಅನ್ನುವ ಹೆಸರು ಬಾಯಿಂದ ಬಾಯಿಗೆ ಹೋಗುತ್ತಾ ಆಕ್ಸಲ್ ಆಗಿರಬೇಕು. ಗಾಡಿಯ ಆಕ್ಸಲಿಗೂ ಇದಕ್ಕೂ ಸಂಬಂಧವಿಲ್ಲ. ಬಳಕೆಯಲ್ಲಿ ಗಟ್ಟಿಯಾಗಿ ನಿಂತ ಪದ, ಹಾಗೇ ಬಿಟ್ಟಿದ್ದೇನೆ. ಅದರ ಹಲ್ಲಿನ ಲೆಕ್ಕ ಇಂಚಿಗೆ 18, 24, 32 ಅಂತ ಇರುತ್ತದೆ. ಯಾವಾಗಲೂ ಮೂರು ಹಲ್ಲಾದರೂ ಕಬ್ಬಿಣದ ಮೇಲೆ ಕೂತಿರಬೇಕು. ಅದಕ್ಕೇ ತೆಳು ಪೈಪಿಗೆ 32 ಹಲ್ಲಿನದು ತರಬೇಕು. ಹಲ್ಲಿನ ಮೊನೆ ಹಿಡಿಯಿಂದ ಆಚೆಗೆ ಇರಲಿ.

ಕಬ್ಬಿಣ ಕೊಯ್ಯುವ, ಉಜ್ಜುವ ಕರೆಂಟಿನ ಗ್ರೈಂಡರಿನ ವಿಷಯಕ್ಕೆ ಬಂದಾಗ ತೊಡಕಾಯಿತು. ಅದರ ತೆಳು ಡಿಸ್ಕಿಗೆ ಬಾಯಿಯೂ ಇಲ್ಲ, ಹಲ್ಲೂ ಇಲ್ಲ. ಸಾಣೆಕಲ್ಲನ್ನೇ 1.2 ಮಿಲಿಮೀಟರಿಗೆ ಇಳಿಸಿ ಮಾಡಿದಂತಿದೆ. ಕಣ ಕಣ ಕೆರೆಯುತ್ತಾ ಹೋಗುತ್ತದೆ. ಸರಿದು ಹೋಗುವ ಚಲನೆ ಅಂತ ‘ಕೊಯ್ಯು’ ಅಂತಲೇ ಬರೆದೆ. ಡಿಸ್ಕಿಗೆ ‘ಬಿಲ್ಲೆ’ ಅಂದೆ. ‘ಕೊಯ್ಯುವ ಬಿಲ್ಲೆ’, ‘ಉಜ್ಜುವ ಬಿಲ್ಲೆ’ ಅಂತ ಎರಡು ಹೆಸರು ಬೇಕೇ ಬೇಕು. ಉಜ್ಜುವುದು ಸುಮಾರು 6 ಮಿಲಿಮೀಟರ್ ದಪ್ಪ ಇರುತ್ತದೆ. ಕೊಯ್ಯುವ ಬಿಲ್ಲೆಯನ್ನು ಅಡ್ಡ ಹಿಡಿದು ಉಜ್ಜಿದರೆ ಅದು ಸಿಡಿದು ಮುಖಕ್ಕೆ ಹಾರಬಹುದು. ಎರಡಕ್ಕೂ ಸುಮ್ನೆ ‘ಡಿಸ್ಕ್’ ಅಂದರೆ ಹುಡುಗನಿಗೆ ಈ ಭೇದ ತಿಳಿಯುವುದೇ ಇಲ್ಲ.

ಗ್ಯಾಸ್ ಕಟಿಂಗ್‌ಗೆ ಮೂರು ಕ್ರಿಯಾಪದವೂ ಒಗ್ಗುವುದಿಲ್ಲ. ಅಲ್ಲಿ ಕಬ್ಬಿಣ ಕೆಂಪಗೆ ಕಾದ ಮೇಲೆ ಆಮ್ಲಜನಕದ ಧಾರೆಯಲ್ಲಿ ನಿಜವಾಗಿ ಉರಿದೇ ಹೋಗುತ್ತದೆ. ‘ಸುಟ್ಟು ಸೀಳುವುದು’ ಅಂತ ಬರೆದು ಹೊಡೆದುಹಾಕಿದೆ. ನಿಮಗೆ ಹೊಳೆದರೆ ತಿಳಿಸಿ.

ಒಂದು ಪದವಂತೂ ಸಿಗಲೇ ಇಲ್ಲ. ಕೊಯ್ದಾಗ ಪುಡಿಯಾಗಿ ಹೋಗುವ ಸಂದಿಗೆ ಹೆಸರೇನು? 1.2ರ ಬಿಲ್ಲೆಯಲ್ಲಿ ಹತ್ತು ಸಲ ಕೊಯ್ದರೆ 12 ಮಿಲಿಮೀಟರ್ ಹೋಗಿರುತ್ತದೆ. ಲೆಕ್ಕ ಹಿಡಿಯದಿದ್ದರೆ ಗೇಟಿನ ಕೊನೆಯ ತುಂಡು ಗಿಡ್ಡ. ಬಡಗಿಗಳು ‘ಗರಗಸ ತಿನ್ನುತ್ತದೆ’ ಅಂತಾರೆ, ಮಾತು ಚೆನ್ನಾಗಿದೆ, ಆದರೆ ತಿಂದ ಜಾಗಕ್ಕೆ ಹೆಸರಿಲ್ಲ. ಮರದ ಮಿಲ್ಲಿನವರು, ಬಡಗಿ ಮನೆತನದವರು ಏನಾದರೂ ಅನ್ನುತ್ತಾರೆಯೇ?

ಕೊನೆಗೆ ‘ಬೆಸುಗೆ’. ಕೊಡಪಾನಕ್ಕೆ ಸೀಸ ತವರದ ಬೆಸುಗೆ ಹಾಕುವಾಗ ಕೊಡಪಾನ ಕರಗುವುದಿಲ್ಲ. ವೆಲ್ಡಿಂಗ್‌ನಲ್ಲಿ ಎರಡು ಅಂಚೂ ಕರಗಿ ಒಂದಾಗುತ್ತವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಬೇರೆ ಮಾಡಲು ದಾರಿ ಇದೆಯೇ ಅಂತ ನಮ್ಮೂರ ಆಚಾರ್ರನ್ನು ಕೇಳಿದೆ. ಕುಲುಮೆಯಲ್ಲಿ ಎರಡು ತುಂಡು ಕಾಯಿಸಿ ಬಡಿದು ಕೂಡಿಸುತ್ತಿದ್ದ ಕಾಲ ಅವರಿಗೆ ನೆನಪಿದೆ. ‘ಎರಡೂ ಕಬ್ಬಿಣ ಬೆವರ್ಬೇಕು ಕಣೋ, ಬೆವರಿದ್ಮೇಲೆ ಬಡೀಬೇಕು’ ಅಂದರು. ಆ ಹದದಲ್ಲಿ ಕಬ್ಬಿಣದ ಮೈ ಒದ್ದೆಯಾದಂತೆ ಹೊಳೆಯುವುದು ನಿಜ. ಹಾಗೆ ಕೂಡಿಸುವುದಕ್ಕೆ ಬೇರೆ ಹೆಸರಿತ್ತೇ ಅಂದರೆ ಅವರಿಗೆ ತಟ್ಟನೆ ಹೊಳೆಯಲಿಲ್ಲ, ನೆನಪಾದರೆ ಹೇಳುತ್ತೇನೆ ಅಂದಿದ್ದಾರೆ. ನಿಮ್ಮ ಊರಿನ ಕುಲುಮೆಯಲ್ಲೂ ಒಮ್ಮೆ ಕೇಳಿ ನೋಡುತ್ತೀರಾ?