ಉಳಿದ ಮಾಲು, ಹೊಸ ನಿಯಮ, ಕೃತಕ ಬುದ್ಧಿಮತ್ತೆ: ಚಿಲ್ಲರೆ ವ್ಯಾಪಾರದವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಸಿದ್ಧ ಉಡುಪುಗಳ ಮಧ್ಯಮ ಗಾತ್ರದ ಮಳಿಗೆ ಸರಣಿಯೊಂದರಲ್ಲಿ ನಾನು ಖರೀದಿ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನಮ್ಮ ಮಾಲಿನ ಒಂದು ಭಾಗ ಯುರೋಪಿನ ಮಾರುಕಟ್ಟೆಗೂ ಹೋಗುತ್ತದೆ. ಪರಿಸರ ನಿಯಮಗಳ ವರದಿ ಸಿದ್ಧಪಡಿಸುವ ತಂತ್ರಾಂಶ ಕೊಳ್ಳಬೇಕೆಂದು ಕಾನೂನು ವಿಭಾಗದವರು ಹೇಳುತ್ತಾರೆ. ಬೇಡಿಕೆಯನ್ನು ಅಂದಾಜಿಸುವ ಎಐ ತರಬೇಕೆಂದು ಮಾರಾಟ ವಿಭಾಗದವರು ಹೇಳುತ್ತಾರೆ. ಈ ವರ್ಷ ಹಣ ಒಂದಕ್ಕೆ ಮಾತ್ರ ಸಾಲುತ್ತದೆ. ಯಾವುದನ್ನು ಮೊದಲು ಮಾಡಬೇಕು?

ಉತ್ತರ: ನಮಸ್ಕಾರ ಸರ್. ಈ ಎರಡನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟಿರುವುದೇ ತೊಡಕಿನ ಮೂಲವೆಂದು ನನಗನ್ನಿಸುತ್ತದೆ. ಯುರೋಪಿಯನ್ ಒಕ್ಕೂಟವು ಸುಸ್ಥಿರ ಉತ್ಪನ್ನಗಳ ವಿನ್ಯಾಸಕ್ಕಾಗಿ ರೂಪಿಸಿದ ನಿಯಮಾವಳಿ 2024ರ ಜುಲೈ 18ರಂದು ಜಾರಿಗೆ ಬಂದಿತು. ಅದರ ಪ್ರಕಾರ ಮಾರಾಟವಾಗದೆ ಉಳಿದ ಬಟ್ಟೆ, ಪಾದರಕ್ಷೆ ಮತ್ತು ಉಡುಪಿನ ಪರಿಕರಗಳನ್ನು ನಾಶಪಡಿಸುವಂತಿಲ್ಲ; ಈ ನಿಷೇಧ ದೊಡ್ಡ ಕಂಪನಿಗಳಿಗೆ 2026ರ ಜುಲೈ 19ರಿಂದ, ಮಧ್ಯಮ ಗಾತ್ರದವುಗಳಿಗೆ 2030ರಿಂದ ಅನ್ವಯಿಸುತ್ತದೆ. ಇಂಥ ನಿಷೇಧವನ್ನು ಫ್ರಾನ್ಸ್ ತನ್ನ 2020ರ ಕಾಯ್ದೆಯಲ್ಲಿಯೇ ತಂದಿತ್ತು. ಕಾನೂನು ವಿಭಾಗದವರು ಇದನ್ನು ವರದಿಯ ವಿಷಯವೆಂದು ಓದುತ್ತಾರೆ. ನಾನು ಇದನ್ನು ನಿಮ್ಮ ವಿಭಾಗದ, ಅಂದರೆ ಖರೀದಿಯ ಲೆಕ್ಕವೆಂದು ಓದುತ್ತೇನೆ.

ಎಷ್ಟು ಮಾಲು ತರಿಸಬೇಕೆಂಬ ನಿರ್ಧಾರದ ಹಿಂದೆ ಎರಡು ನಷ್ಟಗಳ ತೂಗಾಟವಿದೆ. ಗಿರಾಕಿ ಬಂದಾಗ ಮಾಲಿಲ್ಲದೆ ಕೈತಪ್ಪುವ ಲಾಭ ಒಂದು, ಋತು ಮುಗಿದ ಮೇಲೂ ಉಳಿದುಬಿಡುವ ಮಾಲಿನ ನಷ್ಟ ಇನ್ನೊಂದು. ಮೊದಲನೆಯದು ಎರಡನೆಯದರ ಮೂರು ಪಟ್ಟಿದ್ದರೆ, ನಾಲ್ಕು ಸಲದಲ್ಲಿ ಮೂರು ಸಲ ಬೇಡಿಕೆ ಪೂರ್ತಿಯಾಗಿ ತೀರುವಷ್ಟು ಮಾಲು ತರಿಸುವುದು ಲಾಭಕರ. ಉಳಿದದ್ದನ್ನು ಸುಡುವಂತಿಲ್ಲದೆ, ವಿಂಗಡಿಸಿ, ದಾನಕ್ಕೋ ಮತ್ತೆ ಬಳಸುವುದಕ್ಕೋ ಸಾಗಿಸಿ, ಅದರ ಲೆಕ್ಕವನ್ನೂ ಒಪ್ಪಿಸಬೇಕಾಗಿ ಬಂದು ಎರಡೂ ನಷ್ಟಗಳು ಸಮವಾದವೆಂದುಕೊಳ್ಳಿ. ಆಗ ನಾಲ್ಕರಲ್ಲಿ ಎರಡು ಸಲಕ್ಕೆ ಸಾಲುವಷ್ಟು ತರಿಸಿದರೆ ಸಾಕು. ಬೇಡಿಕೆ ಕೊಂಚವೂ ಬದಲಾಗಿಲ್ಲ, ಆದರೂ ಆರ್ಡರಿನ ಪ್ರಮಾಣ ಇಳಿಯಿತು. ಎಐ ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಉಣಿಸಿದ್ದು ಹಳೆಯ ನಷ್ಟದ ಅಂಕಿಯಾದರೆ ಅದು ಹಳೆಯ ಕಾಲದ ಆರ್ಡರನ್ನೇ ಬರೆದುಕೊಡುತ್ತದೆ. ಹಾಗಾಗಿ ನನ್ನ ಉತ್ತರ: ಬೇಡಿಕೆಯ ಅಂದಾಜು ಮೊದಲು, ಆದರೆ ನಿಯಮದ ಖರ್ಚನ್ನು ಅದರೊಳಗೆ ಸೇರಿಸಿ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನಿಮ್ಮಲ್ಲಿರುವುದು ಮಾರಾಟದ ದಾಖಲೆಯೇ ಹೊರತು ಬೇಡಿಕೆಯ ದಾಖಲೆಯಲ್ಲ. ಒಂದು ಅಳತೆಯ ಅಂಗಿ ಮೂರನೆಯ ದಿನವೇ ಮುಗಿದುಹೋಗಿ ಹದಿನೈದು ದಿನ ಕಪಾಟು ಖಾಲಿಯಿದ್ದರೆ, ಆ ಹದಿನೈದು ದಿನಗಳ ಸೊನ್ನೆಯನ್ನು ಯಂತ್ರವು ‘ಯಾರಿಗೂ ಬೇಡವಾಗಿತ್ತು’ ಎಂದೇ ಕಲಿಯುತ್ತದೆ. ಮಾಲು ಇತ್ತೇ ಇಲ್ಲವೇ ಎಂಬ ದಿನವಾರು ದಾಖಲೆಯನ್ನು ಜೊತೆಗಿಡದೆ ಎಐ ತಂದವರು ಕೊನೆಗೆ ಯಂತ್ರವನ್ನು ಬೈಯುವುದನ್ನು ಬಹಳ ಕಡೆ ಕಂಡಿದ್ದೇನೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮದು ದಿನಸಿ ಮತ್ತು ಹಾಲಿನ ಪದಾರ್ಥಗಳ ವ್ಯಾಪಾರ. ಅವಧಿ ಸಮೀಪಿಸಿದ ಪದಾರ್ಥಗಳ ಬೆಲೆಯನ್ನು ತಾನಾಗಿ ಇಳಿಸುವ ಎಐ ಇದೆಯೆನ್ನುತ್ತಾರೆ. ಅದರಿಂದ ಆಹಾರ ಹಾಳಾಗುವುದು ನಿಜಕ್ಕೂ ಕಡಿಮೆಯಾಗುತ್ತದೆಯೇ?

ಉತ್ತರ: ಅಂಗಡಿಯ ಮಟ್ಟಿಗೆ ಕಡಿಮೆಯಾಗಬಲ್ಲದು. ಆದರೆ ಅದಕ್ಕೆ ಅವಧಿಯ ದಿನಾಂಕ ತಿಳಿಯಬೇಕಲ್ಲ! 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲ ಬಾರಿ ಓದಲಾದ ಬಾರ್‌ಕೋಡ್ ಇಂದಿಗೂ ‘ಇದು ಯಾವ ಪದಾರ್ಥ’ ಎಂದಷ್ಟೇ ಹೇಳುತ್ತದೆ. ಇದು ಯಾವ ಬ್ಯಾಚಿನದು, ಯಾವಾಗ ಕೆಡುತ್ತದೆ ಎಂಬುದನ್ನು ಹೇಳುವುದಿಲ್ಲ. ಬಾರ್‌ಕೋಡ್ ಮಾನದಂಡಗಳನ್ನು ನಿಭಾಯಿಸುವ ಜಿಎಸ್1 ಸಂಸ್ಥೆಯು 2027ರ ಕೊನೆಯೊಳಗೆ ಬಿಲ್ಲಿಂಗ್ ಕೌಂಟರುಗಳು ಕ್ಯೂಆರ್ ಮಾದರಿಯ ಚೌಕ ಕೋಡುಗಳನ್ನೂ ಓದುವಂತಾಗಬೇಕೆಂಬ ಗುರಿ ಇಟ್ಟುಕೊಂಡಿದೆ. ಅಂಥ ಕೋಡಿನಲ್ಲಿ ದಿನಾಂಕವನ್ನೂ ಸೇರಿಸಬಹುದು. ಅದು ಬರುವವರೆಗೆ ಯಂತ್ರವು ಊಹೆಯಿಂದ ಬೆಲೆ ಇಳಿಸುತ್ತದೆ, ಇಲ್ಲವೇ ಸಿಬ್ಬಂದಿ ಕೈಯಿಂದ ದಿನಾಂಕ ತುಂಬಬೇಕಾಗುತ್ತದೆ.

‘ನಿಜಕ್ಕೂ’ ಎಂದು ಕೇಳಿದ್ದೀರಿ. ಆ ಪದ ನನಗೆ ಹಿಡಿಸಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಮನೆಗಳ ಪಾಲು ಶೇ 60, ಚಿಲ್ಲರೆ ವ್ಯಾಪಾರದ ಪಾಲು ಶೇ 12. ಸಂಜೆ ಬೆಲೆ ಇಳಿಸಿ ಮೂರು ಪ್ಯಾಕೆಟ್ ಕೊಂಡೊಯ್ಯುವಂತೆ ಮಾಡಿದರೆ ನಿಮ್ಮ ಅಂಕಿ ಸುಧಾರಿಸುತ್ತದೆ, ಗಿರಾಕಿಯ ಮನೆಯ ಕಸದ ಬುಟ್ಟಿ ತುಂಬುತ್ತದೆ. ಬೆಲೆ ಇಳಿಸುವುದಕ್ಕಿಂತ ಮೊದಲೇ ಕಡಿಮೆ ತರಿಸುವುದನ್ನು ಯಂತ್ರಕ್ಕೆ ಕಲಿಸಿ.

ಮೊದಲ ಪ್ರಶ್ನಿಗರು: ಧನ್ಯವಾದಗಳು ಮೇಡಂ. ಒಂದು ಉಪಪ್ರಶ್ನೆ. ಉತ್ಪನ್ನಗಳ ವಿವರಣೆಯನ್ನು ಎಐನಿಂದ ಬರೆಸುತ್ತಿದ್ದೇವೆ. ಇದರಲ್ಲಿ ನಿಯಮದ ತೊಡಕೇನಾದರೂ ಇದೆಯೇ?

ಉತ್ತರ: ಖಂಡಿತ ಇದೆ. ‘ಪರಿಸರಸ್ನೇಹಿ’, ‘ಹಸಿರು’ ಎಂಬ ಪದಗಳನ್ನು ಅಂತರ್ಜಾಲದ ಜಾಹೀರಾತುಗಳಿಂದಲೇ ಕಲಿತ ಯಂತ್ರಕ್ಕೆ ಅವು ಬರೀ ಅಲಂಕಾರ. 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುವ ಯುರೋಪಿನ ಗ್ರಾಹಕ ನಿರ್ದೇಶನದಲ್ಲಿ ಆಧಾರವಿಲ್ಲದ ಇಂಥ ಸಾಮಾನ್ಯ ಮಾತುಗಳಿಗೆ ನಿಷೇಧವಿದೆ. ಬೇರೆಲ್ಲೋ ಮರ ನೆಡಿಸಿದ ಲೆಕ್ಕ ತೋರಿಸಿ ಒಂದು ಉತ್ಪನ್ನವನ್ನು ‘ಇಂಗಾಲಮುಕ್ತ’ ಎನ್ನುವುದಕ್ಕೂ ನಿಷೇಧವಿದೆ. ವಿವರಣೆಯನ್ನು ಬರೆದದ್ದು ಯಂತ್ರ ಎಂಬ ಸಮಜಾಯಿಷಿ ಮಾರಾಟಗಾರನನ್ನು ಕಾಪಾಡುವುದಿಲ್ಲ. ನೂಲು ಯಾವುದು, ಮರುಬಳಕೆಯ ಅಂಶ ಶೇಕಡಾ ಎಷ್ಟು, ಪ್ರಮಾಣಪತ್ರ ಯಾವುದು ಎಂಬ ದಾಖಲೆಯಿಂದಲೇ ವಾಕ್ಯ ಹುಟ್ಟಬೇಕು. ದಾಖಲೆಯಿಲ್ಲದ ಕಡೆ ಯಂತ್ರ ಸುಮ್ಮನಿರಬೇಕು. ವಿದ್ಯುತ್ ವಾಹನಗಳದ್ದೂ ಸೇರಿ ಕೆಲವು ಬಗೆಯ ಬ್ಯಾಟರಿಗಳಿಗೆ ಯುರೋಪಿನಲ್ಲಿ 2027ರ ಫೆಬ್ರುವರಿ 18ರಿಂದ ಕಡ್ಡಾಯವಾಗುವ, ಉತ್ಪನ್ನದ ವಿವರಗಳನ್ನು ಹಿಡಿದಿಡುವ ಡಿಜಿಟಲ್ ಪಾಸ್‌ಪೋರ್ಟ್ ಮುಂದೆ ಬಟ್ಟೆಗೂ ಬರಲಿದ್ದು, ಅದಕ್ಕೂ ಈ ದಾಖಲೆಯೇ ಬೇಕು. ವರದಿಯ ತಂತ್ರಾಂಶವನ್ನು ಮುಂದಕ್ಕೆ ಹಾಕಿದರೂ ಈ ಮಾಹಿತಿಯನ್ನು ಪೂರೈಕೆದಾರರಿಂದ ಕೇಳಿ ಪಡೆಯುವ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ಇನ್ನು ಎಐ ಮಾರಲು ಬರುವವರಿಗೆ ಒಂದು ಪರೀಕ್ಷೆ ಒಡ್ಡಿ. ಕಳೆದ ಋತುವಿನ ಹಿಂದಿನವರೆಗಿನ ಅಂಕಿಗಳನ್ನು ಮಾತ್ರ ಕೊಟ್ಟು, ಕಳೆದ ಋತುವಿಗೆ ಎಷ್ಟು ತರಿಸುತ್ತಿದ್ದಿರಿ ಎಂದು ಕೇಳಿ. ನಿಮ್ಮ ವಿಭಾಗದವರು ಆಗ ಕೊಟ್ಟ ಆರ್ಡರನ್ನೂ, ಗೋದಾಮಿನಲ್ಲಿ ಉಳಿದದ್ದನ್ನೂ, ಮಾಲಿಲ್ಲದೆ ಖಾಲಿಯಿದ್ದ ದಿನಗಳನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ಆ ಪಟ್ಟಿ ಕೈಗೆ ಬಂದ ಮೇಲೆ ಇಲ್ಲಿ ಹಂಚಿಕೊಳ್ಳಿ ಸರ್, ಒಪ್ಪಂದದ ಮಾತನ್ನು ಆಗ ಆಡೋಣ.